ಆಂಪ್ ಬಿಚ್ಚುವ ಮುಂಚೆ: ಟ್ಯೂಬ್ ಗಿಟಾರ್ ಆಂಪ್‌ನ ತೊಂದರೆ ಹುಡುಕುವ ಬಗೆ

(ಗಿಟಾರ್ ನುಡಿಸುವವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ, ಕೊನೆಯ ಪ್ರಶ್ನೋತ್ತರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಟ್ಯೂಬ್ ಆಂಪ್, ಅಂದರೆ ಹಳೇ ರೇಡಿಯೊದ ವಾಲ್ವ್ ಥರದ ಗಾಜಿನ ಟ್ಯೂಬ್‌ಗಳಿಂದ ಗಿಟಾರ್ ಸದ್ದು ಏರಿಸುವ ಪೆಟ್ಟಿಗೆ, ಕೈಕೊಟ್ಟಾಗ ನಮ್ಮಲ್ಲಿ ಎರಡು ಥರದ ಜನ ಇರುತ್ತಾರೆ. ಒಬ್ಬರು ತಕ್ಷಣ ಪೂರ್ತಿ ಟ್ಯೂಬ್ ಸೆಟ್‌ಗೆ ಆರ್ಡರ್ ಹಾಕುತ್ತಾರೆ. ಇನ್ನೊಬ್ಬರು ಸ್ಕ್ರೂಡ್ರೈವರ್ ಹುಡುಕುತ್ತಾರೆ. ಮೊದಲನೆಯವರದ್ದು ದುಡ್ಡು ಹೋಗುತ್ತದೆ, ಎರಡನೆಯವರದ್ದು ಜೀವವೇ ಹೋಗಬಹುದು. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ: ತೊಂದರೆ ಎಲ್ಲಿದೆ ಅನ್ನುವುದನ್ನು ಬಹಳ ಸಲ ಆಂಪ್‌ನ ಹೊರಗಿನಿಂದಲೇ ಪತ್ತೆ ಮಾಡಬಹುದು. ನಿಮ್ಮ ಕಿವಿ, ಆಂಪ್‌ನ ನಾಬ್‌ಗಳು, ಒಂದು ಬಿದಿರಿನ ಕಡ್ಡಿ ಸಾಕು. ಜಾಗ ಗೊತ್ತಾದ ಮೇಲೆ ರಿಪೇರಿ ನೀವೇ ಮಾಡುತ್ತೀರೋ, ಮೆಕ್ಯಾನಿಕ್‌ಗೆ ಕೊಡುತ್ತೀರೋ, ಅದು ಆಮೇಲಿನ ಮಾತು.

ಯಾವುದಾದರೂ ಒಂದು ಆಂಪ್ ಮುಂದಿಟ್ಟುಕೊಂಡರೆ ಮಾತು ಎಲ್ಲೆಲ್ಲೋ ಹೋಗುವುದಿಲ್ಲ. ಅದಕ್ಕೇ ಫೆಂಡರ್ ಡಿಲಕ್ಸ್ ರಿವರ್ಬ್ ಆರಿಸಿಕೊಂಡಿದ್ದೇನೆ. 1963ರಲ್ಲಿ ಬಂದ ಎಬಿ763 ಅನ್ನುವ ಸರ್ಕ್ಯೂಟ್ ಇದರದ್ದು. 22 ವ್ಯಾಟ್, ಒಂದೇ ಒಂದು 12 ಇಂಚಿನ ಸ್ಪೀಕರ್. ಅದೇ ವಿನ್ಯಾಸದ ಹೊಸ ಆಂಪ್‌ಗಳು ಈಗಲೂ ಬರುತ್ತಿವೆ. ಇದರ ನಕ್ಷೆ ಸುಲಭವಾಗಿ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ ಇದಕ್ಕೆ ಎರಡು ಚಾನೆಲ್ ಇವೆ, ಅಂದರೆ ಗಿಟಾರ್ ಸದ್ದು ಒಳಗೆ ಹೋಗಲು ಎರಡು ಬೇರೆ ದಾರಿ. ತೊಂದರೆ ಹುಡುಕುವವರಿಗೆ ಅದರಿಂದ ಅರ್ಧ ಕೆಲಸ ಮುಗಿದ ಹಾಗೆ, ಯಾಕೆ ಅಂತ ಮುಂದೆ ನೋಡೋಣ. ನಿಮ್ಮ ಹತ್ತಿರ ಮಾರ್ಷಲ್ಲೋ ವಾಕ್ಸೋ ಇದ್ದರೂ ಹುಡುಕುವ ದಾರಿ ಇದೇ. ಟ್ಯೂಬ್ ನಂಬರ್, ವೋಲ್ಟೇಜ್ ಮಾತ್ರ ಬೇರೆ.

ಆಂಪ್‌ನ ಹಿಂದೆ ನಿಂತು ನೋಡಿ. ಒಂಬತ್ತು ಟ್ಯೂಬ್‌ಗಳು ತಲೆಕೆಳಗಾಗಿ ಸಾಲಾಗಿ ನೇತಾಡುತ್ತಿವೆ. ಬಲತುದಿಯದ್ದು ವಿ1, ಅಲ್ಲಿಂದ ಎಡಕ್ಕೆ ಎಣಿಸುತ್ತಾ ಹೋಗಬೇಕು. ವಿ1 ನಾರ್ಮಲ್ ಚಾನೆಲ್‌ಗೆ, ವಿ2 ವೈಬ್ರಾಟೊ ಚಾನೆಲ್‌ಗೆ. ವಿ3 ರಿವರ್ಬ್ ಸ್ಪ್ರಿಂಗನ್ನು, ಅಂದರೆ ಸದ್ದಿಗೆ ಪ್ರತಿಧ್ವನಿ ಕೊಡುವ ಸ್ಪ್ರಿಂಗನ್ನು, ಅಲುಗಾಡಿಸುತ್ತದೆ. ವಿ4ರ ಅರ್ಧಭಾಗ ಸ್ಪ್ರಿಂಗ್‌ನಿಂದ ವಾಪಸ್ ಬಂದ ಸದ್ದನ್ನು ಎತ್ತಿಕೊಳ್ಳುತ್ತದೆ, ಇನ್ನರ್ಧ ವೈಬ್ರಾಟೊ ಚಾನೆಲ್‌ಗೆ ಇನ್ನೊಂದಿಷ್ಟು ಬಲ ಕೊಡುತ್ತದೆ. ವಿ5 ಟ್ರೆಮೊಲೊ, ಅಂದರೆ ಸದ್ದನ್ನು ಅಲೆಅಲೆಯಾಗಿ ಏರಿಳಿಸುವುದು. ವಿ6 ಫೇಸ್ ಇನ್ವರ್ಟರ್, ಅಂದರೆ ಸಿಗ್ನಲ್ಲನ್ನು ಎರಡು ಪಾಲು ಮಾಡಿ ಪವರ್ ಟ್ಯೂಬ್‌ಗಳಿಗೆ ಹಂಚುವುದು. ವಿ7, ವಿ8 ಎರಡೂ 6ವಿ6 ಪವರ್ ಟ್ಯೂಬ್. ಎಡತುದಿಯ ವಿ9 ಜಿಝಡ್34 ರೆಕ್ಟಿಫೈಯರ್, ಅಂದರೆ ಎಸಿ ಕರೆಂಟನ್ನು ಡಿಸಿ ಮಾಡುವುದು. ವಿ1, ವಿ2, ವಿ4, ವಿ5 ನಾಲ್ಕೂ 12ಎಎಕ್ಸ್7. ವಿ3, ವಿ6 ಎರಡೂ 12ಎಟಿ7. ಈ ಸಾಲು ನೆನಪಿದ್ದರೆ ಮುಂದಿನದ್ದೆಲ್ಲ ಸಲೀಸು.

ಟ್ಯೂಬ್ ವಿಷಯಕ್ಕೆ ಹೋಗುವ ಮುಂಚೆ ಗೋಡೆಯಲ್ಲಿರುವ ಪ್ಲಗ್ ಪಾಯಿಂಟ್ ಬಗ್ಗೆ ಮಾತಾಡಬೇಕು. ನಮ್ಮೂರಿನಲ್ಲಿ ಆಂಪ್ ತೊಂದರೆಗಳ ದೊಡ್ಡ ಪಾಲು ಅಲ್ಲಿಂದಲೇ ಶುರುವಾಗುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೆಂಗಳೂರಿನಲ್ಲಿ ಓಡಾಡುವ ಒಳ್ಳೆಯ ಟ್ಯೂಬ್ ಆಂಪ್‌ಗಳಲ್ಲಿ ಎಷ್ಟೋ ಅಮೆರಿಕದಿಂದ ವಾಪಸ್ ಬಂದವರ ಸಾಮಾನಿನ ಜೊತೆ ಬಂದಂಥವು. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ನೇರವಾಗಿ ಚುಚ್ಚಿದರೆ ಫ್ಯೂಸ್ ಹಾರುತ್ತದೆ, ಅದು ಅದೃಷ್ಟ ಚೆನ್ನಾಗಿದ್ದರೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಹೇರ್ ಡ್ರೈಯರ್‌ಗೆ ಅಂತ ಮಾರುವ ಅಂಗೈಯಷ್ಟು ಹಗುರದ ಕನ್ವರ್ಟರ್ ನಡೆಯುವುದಿಲ್ಲ. ಅದು ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುತ್ತದೆ, ಆಂಪ್‌ನ ಟ್ರಾನ್ಸ್‌ಫಾರ್ಮರ್ ಅದನ್ನು ತಡೆದುಕೊಳ್ಳುವುದಿಲ್ಲ. ಎತ್ತಿದರೆ ಕೈ ಜಗ್ಗಬೇಕು, ಅಂಥ ಕಬ್ಬಿಣ-ತಾಮ್ರದ್ದೇ ಆಗಬೇಕು.

ಅದರಲ್ಲೂ ಒಂದು ಮೋಸ ಇದೆ. ಎಷ್ಟೋ ಸ್ಟೆಪ್‌ಡೌನ್‌ಗಳ ಔಟ್‌ಪುಟ್ ಸಾಕೆಟ್ಟಿಗೆ ಎರಡೇ ತೂತು. ಮೂರನೆಯದು ಇದ್ದರೂ ಅದರ ಹಿಂದೆ ತಂತಿಯೇ ಇರುವುದಿಲ್ಲ. ಅಂದರೆ ಗೋಡೆಯಲ್ಲಿ ಅರ್ಥಿಂಗ್ ಸರಿಯಾಗಿದ್ದರೂ ಆಂಪ್‌ವರೆಗೆ ಬರುವುದಿಲ್ಲ. ಮಲ್ಟಿಮೀಟರನ್ನು ಓಮ್‌ಗೆ ಇಡಿ. ಎಲ್ಲ ಪ್ಲಗ್ ಕಿತ್ತಿಟ್ಟು, ಸ್ಟೆಪ್‌ಡೌನ್‌ನ ಇನ್‌ಪುಟ್ ಪ್ಲಗ್ಗಿನ ದಪ್ಪ ಪಿನ್ನಿನಿಂದ ಔಟ್‌ಪುಟ್ ಸಾಕೆಟ್ಟಿನ ಅರ್ಥ್ ತೂತಿಗೆ ಅಳೆಯಿರಿ. ಒಂದು ಓಮ್ ಆಸುಪಾಸು ಬರಬೇಕು. ಬರದಿದ್ದರೆ ಮೊದಲು ಅದನ್ನು ಸರಿ ಮಾಡಿಸಿ.

ಅರವತ್ತರ ದಶಕದ ನಿಜವಾದ ಹಳೇ ಫೆಂಡರ್ ನಿಮ್ಮ ಪಾಲಿಗೆ ಬಂದಿದ್ದರೆ ಇನ್ನೊಂದು ಎಚ್ಚರಿಕೆ. ಅವು ಎರಡು ಪಿನ್ನಿನ ವೈರ್ ಜೊತೆ ಬರುತ್ತಿದ್ದವು. ಹಿಂದುಗಡೆ ಗ್ರೌಂಡ್ ಸ್ವಿಚ್ ಅಂತ ಒಂದಿದೆ. ಅದು ಮೇನ್ಸ್ ತಂತಿಯನ್ನು ಒಂದು ಸಣ್ಣ ಕೆಪಾಸಿಟರ್ ಮೂಲಕ ಆಂಪ್‌ನ ಲೋಹದ ಡಬ್ಬಿಗೆ ಸೇರಿಸುತ್ತದೆ. ಕೆಪಾಸಿಟರ್ ಸರಿಯಿದ್ದರೆ ಬೆರಳಿಗೆ ಜುಮ್ ಅನ್ನುತ್ತದೆ. ಅದು ಶಾರ್ಟ್ ಆದರೆ ನಿಮ್ಮ ಗಿಟಾರ್ ತಂತಿಯಲ್ಲಿ ಮೇನ್ಸ್ ಕರೆಂಟ್ ಇರುತ್ತದೆ. ಅಮೆರಿಕದ ಮೆಕ್ಯಾನಿಕ್‌ಗಳು ಇದಕ್ಕೆ ಸಾವಿನ ಕೆಪಾಸಿಟರ್ ಅಂತಲೇ ಹೆಸರಿಟ್ಟಿದ್ದಾರೆ. ಅದನ್ನು ತೆಗೆಸಿ ಮೂರು ಪಿನ್ನಿನ ವೈರ್ ಹಾಕಿಸಬೇಕು. ಹಳೇ ಆಂಪ್‌ನ ಬೆಲೆ ಕಡಿಮೆಯಾಗುತ್ತದೆ ಅಂತ ಹಿಂಜರಿಯುವವರನ್ನು ನೋಡಿದ್ದೇನೆ. ನನಗಂತೂ ಆ ವಾದ ಅರ್ಥವಾಗುವುದಿಲ್ಲ.

ಗಣೇಶನ ಪೆಂಡಾಲಿನಲ್ಲಿ, ಊರ ಹಬ್ಬದ ಸ್ಟೇಜಿನಲ್ಲಿ ನುಡಿಸುವವರಿಗೆ ಇದೊಂದು ಅಭ್ಯಾಸ ಆಗಲಿ. ಜನರೇಟರ್‌ನಿಂದ ಎಳೆದ ತಾತ್ಕಾಲಿಕ ವೈರಿಂಗ್‌ನಲ್ಲಿ ಅರ್ಥ್ ಇರುತ್ತದೆ ಅನ್ನುವ ನಂಬಿಕೆ ಬೇಡ. ಸೌಂಡ್‌ಚೆಕ್ ಹೊತ್ತಿಗೆ ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಗಿಟಾರ್ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ತಾಗಿಸಿ. ಸೊನ್ನೆ ಅಥವಾ ಒಂದೆರಡು ವೋಲ್ಟ್ ಬಂದರೆ ಸರಿ. ಐವತ್ತು, ನೂರು ತೋರಿಸಿದರೆ ತುಟಿಯನ್ನು ಮೈಕಿನ ಹತ್ತಿರ ಒಯ್ಯಬೇಡಿ. ಟೆಸ್ಟರ್ ಸ್ಕ್ರೂಡ್ರೈವರ್ ಇಲ್ಲಿ ಸಾಲದು. ಅದು ಹೊತ್ತಿಕೊಂಡರೂ ಎಷ್ಟು ವೋಲ್ಟ್ ಅಂತ ಹೇಳುವುದಿಲ್ಲ.

ವೋಲ್ಟೇಜ್ ಏರಿಳಿತದ ಬಗ್ಗೆ ಒಂದು ಮಾತು. ಟ್ಯೂಬಿನೊಳಗಿನ ಹೀಟರ್‌ಗೆ 6.3 ವೋಲ್ಟ್ ಬೇಕು, ನೂರಕ್ಕೆ ಹತ್ತು ಹೆಚ್ಚುಕಡಿಮೆ ನಡೆಯುತ್ತದೆ. 230 ಇರುವ ಕಡೆ 190 ಬಂದರೆ ಹೀಟರ್‌ಗೆ ಸಿಗುವುದು 5.2 ವೋಲ್ಟ್. ಆಂಪ್ ಕೆಟ್ಟಿರುವುದಿಲ್ಲ, ಆದರೆ ಸದ್ದು ಮೆತ್ತಗಾಗಿರುತ್ತದೆ, ಬೇಗ ಒಡೆಯುತ್ತದೆ, ಅಂದರೆ ಡಿಸ್ಟಾರ್ಟ್ ಆಗುತ್ತದೆ. ಹಳ್ಳಿ ಕಡೆ ಸಂಜೆ ಹೊತ್ತು ಮಾತ್ರ ಆಂಪ್ ಡಲ್ ಅನ್ನುವವರು ಮೊದಲು ಪ್ಲಗ್ಗಿನ ವೋಲ್ಟೇಜ್ ನೋಡಲಿ. ಕರೆಂಟ್ ಹೋದಾಗ ಮನೆಯ ಇನ್ವರ್ಟರ್‌ನಲ್ಲಿ ನುಡಿಸುವವರೂ ಗಮನಿಸಿ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಝರ್ರ್ ಅನ್ನುವ ಸದ್ದು ಬಂದೇ ಬರುತ್ತದೆ, ಟ್ರಾನ್ಸ್‌ಫಾರ್ಮರ್ ಬಿಸಿಯೂ ಆಗುತ್ತದೆ.

ಈಗ ಸದ್ದಿಗೆ ಬರೋಣ. ಎಲ್ಲರೂ ಹೇಳುವ ದೂರು ಒಂದೇ: ಹಮ್ ಬರುತ್ತದೆ. ಯಾವ ಹಮ್ ಅಂತ ಯಾರೂ ಹೇಳುವುದಿಲ್ಲ. ನೀವು ಗಿಟಾರ್ ನುಡಿಸುವವರು, ಶ್ರುತಿ ಗೊತ್ತಿರುವವರು, ಅದನ್ನೇ ಬಳಸಿ. ನಮ್ಮ ಕರೆಂಟ್ 50 ಹರ್ಟ್ಸ್. ಅದು ರೆಕ್ಟಿಫೈ ಆದ ಮೇಲೆ ಉಳಿಯುವ ಅಲೆ 100 ಹರ್ಟ್ಸ್. ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿ, ಜಿ ಸ್ವರ ಬರುತ್ತದೆ, 98 ಹರ್ಟ್ಸ್. ಆಂಪ್‌ನ ಸದ್ದು ಆ ಸ್ವರಕ್ಕೆ ಹತ್ತಿರವಾಗಿ, ಅದಕ್ಕಿಂತ ಚೂರು ಏರಿ, ಒರಟಾಗಿ ಕೇಳಿದರೆ ಅದು 100 ಹರ್ಟ್ಸ್. ತೊಂದರೆ ಪವರ್ ಸಪ್ಲೈ ಕಡೆ, ಬಹುಶಃ ಒಣಗಿದ ಫಿಲ್ಟರ್ ಕೆಪಾಸಿಟರ್, ಅಂದರೆ ಆ ಅಲೆಯನ್ನು ಸಮ ಮಾಡುವ ಭಾಗ. ಅದೇ ಜಿಯ ಒಂದು ಸಪ್ತಕ ಕೆಳಗೆ, ನಯವಾಗಿ, ಎದೆಗೆ ತಾಕುವ ಹಾಗೆ ಬಂದರೆ 50 ಹರ್ಟ್ಸ್. ಅದು ಹೀಟರ್ ವೈರಿಂಗ್, ಗ್ರೌಂಡ್, ಕೇಬಲ್ ಅಥವಾ ಗಿಟಾರ್‌ನಿಂದಲೇ ಬರುವಂಥದ್ದು. ಅಮೆರಿಕದವರು ಬರೆದ ಪುಸ್ತಕ ಓದಿದರೆ 60 ಮತ್ತು 120 ಅಂತ ಇರುತ್ತದೆ. ಅವರಿಗೆ ಅದು ಬಿ ಸ್ವರದ ಹತ್ತಿರ. ನಮಗೆ ಜಿ.

ಮೊದಲು ಗಿಟಾರ್ ಕೇಬಲ್ ಕಿತ್ತುಬಿಡಿ. ಸದ್ದು ನಿಂತಿತೇ? ಹಾಗಾದರೆ ಆಂಪ್‌ಗೆ ಏನೂ ಆಗಿಲ್ಲ. ಸಿಂಗಲ್ ಕಾಯಿಲ್ ಪಿಕಪ್ ಇರುವ ಗಿಟಾರ್ ಆಗಿದ್ದರೆ, ಅದನ್ನು ಹಿಡಿದು ಕುರ್ಚಿಯಲ್ಲಿ ನಿಧಾನವಾಗಿ ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಕಡಿಮೆಯಾಗುತ್ತದೆ. ರೂಮಿನ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಡಿಮ್ಮರ್, ಪೆಡಲ್‌ಗೆ ಹಾಕಿದ ಅಗ್ಗದ ಅಡಾಪ್ಟರ್, ಇವು ಮೂರೇ ಸಾಕು ತಲೆನೋವಿಗೆ. ಫ್ಯಾನ್ ಮೂರರಲ್ಲಿದ್ದಾಗ ಝರ್ರ್ ಅಂದು, ಐದಕ್ಕೆ ಇಟ್ಟಾಗ ಸುಮ್ಮನಾದರೆ ಆಂಪ್ ಬಿಚ್ಚುವ ಮಾತೇ ಇಲ್ಲ, ಅಲ್ವಾ?

ಕೇಬಲ್ ಕಿತ್ತರೂ ಸದ್ದು ಇದೆ ಅನ್ನಿ. ಎರಡೂ ಚಾನೆಲ್‌ಗಳ ವಾಲ್ಯೂಮ್, ರಿವರ್ಬ್ ಎಲ್ಲ ಸೊನ್ನೆಗೆ ಇಳಿಸಿ. ನಿಂತರೆ ತೊಂದರೆ ವಾಲ್ಯೂಮ್ ನಾಬಿಗಿಂತ ಮುಂಚೆ, ಅಂದರೆ ವಿ1 ಅಥವಾ ವಿ2 ಸುತ್ತಮುತ್ತ. ನಿಲ್ಲದಿದ್ದರೆ ಆಮೇಲಿನ ಭಾಗದಲ್ಲಿ. ಆಗ ಆಂಪ್ ಆಫ್ ಮಾಡಿ, ಟ್ಯೂಬ್ ತಣ್ಣಗಾದ ಮೇಲೆ ವಿ6 ಕಿತ್ತು, ಮತ್ತೆ ಆನ್ ಮಾಡಿ. ಫೇಸ್ ಇನ್ವರ್ಟರ್ ಇಲ್ಲದೆ ಅದಕ್ಕಿಂತ ಮುಂಚಿನ ಭಾಗದ ಯಾವ ಸದ್ದೂ ಪವರ್ ಟ್ಯೂಬ್‌ಗೆ ದಾಟುವುದಿಲ್ಲ. ಈಗಲೂ ಹಮ್ ಇದ್ದರೆ ಉಳಿದ ಗುಮಾನಿ ಮೂರೇ: ಫಿಲ್ಟರ್ ಕೆಪಾಸಿಟರ್, ಬಯಾಸ್ ಸಪ್ಲೈ (ಪವರ್ ಟ್ಯೂಬಿಗೆ ಕಡಿವಾಣ ಹಾಕುವ ಮೈನಸ್ ವೋಲ್ಟೇಜ್), ಅಥವಾ ಜೋಡಿ ಹೊಂದದ 6ವಿ6. ಒಂದು 6ವಿ6 ಸುಸ್ತಾಗಿದ್ದರೂ ಹಮ್ ಬರುತ್ತದೆ. ಯಾಕೆಂದರೆ ಎರಡು ಪವರ್ ಟ್ಯೂಬ್‌ಗಳು ಎದುರುಬದುರು ಕೆಲಸ ಮಾಡುವಾಗ ಸಪ್ಲೈನಿಂದ ಬರುವ ಹಮ್ ಒಂದನ್ನೊಂದು ಹೊಡೆದುಹಾಕುತ್ತದೆ. ಒಂದು ಕಡಿಮೆ ಎಳೆದರೆ ಆ ಲೆಕ್ಕ ತಪ್ಪುತ್ತದೆ. ಇಷ್ಟು ಹುಡುಕಲು ನೀವು ಒಂದು ಸ್ಕ್ರೂ ಕೂಡ ಬಿಚ್ಚಿಲ್ಲ ನೋಡಿ.

ಎರಡು ಚಾನೆಲ್ ಅರ್ಧ ಕೆಲಸ ಮುಗಿಸುತ್ತದೆ ಅಂದಿದ್ದೆ. ವೈಬ್ರಾಟೊ ಚಾನೆಲ್‌ನಲ್ಲಿ ಚಟಚಟ ಸದ್ದು, ನಾರ್ಮಲ್‌ನಲ್ಲಿ ಏನೂ ಇಲ್ಲ. ಹಾಗಾದರೆ ಎರಡಕ್ಕೂ ಸೇರಿದ ವಿ6, ಪವರ್ ಟ್ಯೂಬ್, ಸ್ಪೀಕರ್ ಇವೆಲ್ಲ ನಿರಪರಾಧಿಗಳು. ಉಳಿದದ್ದು ವಿ2, ವಿ4 ಮತ್ತು ಅವುಗಳ ಸುತ್ತ ಇರುವ ಬಿಡಿಭಾಗಗಳು. ಈಗ ವಿ1 ಮತ್ತು ವಿ2 ಅದಲುಬದಲು ಮಾಡಿ. ಎರಡೂ 12ಎಎಕ್ಸ್7, ಖರ್ಚು ಇಲ್ಲ. ಸದ್ದು ನಾರ್ಮಲ್ ಚಾನೆಲ್‌ಗೆ ಹೋಯಿತೇ? ಟ್ಯೂಬ್ ಕೆಟ್ಟಿದೆ, ಒಂದೇ ಒಂದು ಟ್ಯೂಬ್ ಕೊಂಡರೆ ಸಾಕು. ಸದ್ದು ಅಲ್ಲೇ ಉಳಿಯಿತೇ? ವಿ4 ಮತ್ತು ವಿ5 ಬದಲಿಸಿ ನೋಡಿ. ಆಗಲೂ ಅಲ್ಲೇ ಇದ್ದರೆ ತೊಂದರೆ ಸಾಕೆಟ್ಟಿನಲ್ಲಿ, ರೆಸಿಸ್ಟರ್‌ನಲ್ಲಿ, ಬೆಸುಗೆಯಲ್ಲಿ. ಹಳೇ ಆಂಪ್‌ಗಳಲ್ಲಿ ಪ್ಲೇಟ್‌ಗೆ, ಅಂದರೆ ಟ್ಯೂಬಿನೊಳಗಿನ ಹೊರ ತಗಡಿಗೆ, ಹೋಗುವ 100 ಕಿಲೋ ಓಮ್‌ನ ಕಾರ್ಬನ್ ರೆಸಿಸ್ಟರ್ ಬಿಸಿಯಾದ ಮೇಲೆ ಹೀಗೆ ಚಟಗುಟ್ಟುವುದು ಬಹಳ ಸಾಮಾನ್ಯ. ಮೆಕ್ಯಾನಿಕ್‌ಗೆ "ವೈಬ್ರಾಟೊ ಚಾನೆಲ್‌ನಲ್ಲಿ, ಟ್ಯೂಬ್ ಬದಲಿಸಿದರೂ ಹೋಗದ ಚಟಚಟ" ಅಂತ ಬರೆದುಕೊಟ್ಟರೆ ಅವರ ಅರ್ಧ ದಿನ ಉಳಿಯುತ್ತದೆ, ನಿಮ್ಮ ಬಿಲ್ಲೂ ಇಳಿಯುತ್ತದೆ.

ಬಿದಿರಿನ ಕಡ್ಡಿಯ ಕೆಲಸ ಈಗ. ಪೆನ್ಸಿಲ್ ಬೇಡ, ಅದರ ಸೀಸದಲ್ಲಿ ಕರೆಂಟ್ ಹರಿಯುತ್ತದೆ. ವಾಲ್ಯೂಮ್ ಮೂರಕ್ಕಿಟ್ಟು ಒಂದೊಂದೇ ಟ್ಯೂಬನ್ನು ಮೆಲ್ಲಗೆ ತಟ್ಟಿ. ವಿ1, ವಿ2ರಲ್ಲಿ ಸಣ್ಣಗೆ ಟಿಕ್ ಅಂದರೆ ತಪ್ಪೇನಿಲ್ಲ, ಅಲ್ಲಿ ಸಿಗ್ನಲ್ ಎಷ್ಟೋ ಪಟ್ಟು ಏರುತ್ತದೆ. ಟಣ್ ಅಂತ ಎಳೆದು ಗುನುಗಿದರೆ, ತಟ್ಟದೆಯೇ ಕೂಗತೊಡಗಿದರೆ, ಆ ಟ್ಯೂಬ್ ಮೈಕ್ರೊಫೋನಿಕ್ ಆಗಿದೆ, ಅಂದರೆ ಅಲುಗಾಟವನ್ನೇ ಮೈಕಿನ ಹಾಗೆ ಸದ್ದು ಮಾಡುತ್ತಿದೆ. ತಟ್ಟಿದಾಗ ಚರಪರ ಅಂದು ಸದ್ದು ಹೋಗಿ ಬಂದರೆ ಸಾಕೆಟ್ ಸಡಿಲ ಅಥವಾ ಕಿಲುಬು. ಮಂಗಳೂರು, ಕಾರವಾರದ ಕಡೆಯವರಿಗೆ ಇದು ಮಳೆಗಾಲದ ಮಾಮೂಲಿ ಕಾಯಿಲೆ. ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು, ಟ್ಯೂಬ್ ಪಿನ್ನಿಗೆ ಚೂರು ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ ಸಾಕೆಟ್ಟಿಗೆ ನಾಲ್ಕೈದು ಸಲ ಹಾಕಿ ತೆಗೆಯಿರಿ, ಸಾಕು. ಸೈಕಲ್ಲಿಗೂ ಬಾಗಿಲ ತಿರುಗಣಿಗೂ ಹೊಡೆಯುವ ಎಣ್ಣೆ ಸ್ಪ್ರೇ ಖಂಡಿತ ಬೇಡ, ಅದು ಧೂಳು ಹಿಡಿಯುತ್ತದೆ. ಎಫೆಕ್ಟ್ಸ್ ಲೂಪ್ (ಆಂಪ್‌ನ ನಡುವೆ ಪೆಡಲ್ ಸೇರಿಸಲು ಇರುವ ಸೆಂಡ್, ರಿಟರ್ನ್ ಅನ್ನುವ ಎರಡು ಜ್ಯಾಕ್) ಇರುವ ಬೇರೆ ಆಂಪ್‌ಗಳಲ್ಲಿ ಸದ್ದು ಇದ್ದಕ್ಕಿದ್ದಂತೆ ಇಳಿದರೆ ಸೆಂಡ್‌ನಿಂದ ರಿಟರ್ನ್‌ಗೆ ಒಂದು ಸಣ್ಣ ಪ್ಯಾಚ್ ಕೇಬಲ್ ಹಾಕಿ. ಸದ್ದು ಮರಳಿದರೆ ರಿಟರ್ನ್ ಜ್ಯಾಕಿನೊಳಗಿನ ಸ್ವಿಚ್ಚಿಗೆ ಕಿಲುಬು ಹಿಡಿದಿದೆ ಅಂತ ಅರ್ಥ.

ರಿವರ್ಬ್ ಸತ್ತಿದೆ ಅನ್ನುವವರಿಗೆ ಒಂದು ಮಜವಾದ ಪರೀಕ್ಷೆ. ರಿವರ್ಬ್ ನಾಬ್ ನಾಲ್ಕಕ್ಕೆ ಏರಿಸಿ, ಆಂಪ್ ಪೆಟ್ಟಿಗೆಯನ್ನು ಸ್ವಲ್ಪ ಅಲುಗಾಡಿಸಿ. ಢಂಯ್ ಅಂತ ಗುಡುಗಿದರೆ ಸ್ಪ್ರಿಂಗ್‌ನಿಂದ ವಾಪಸ್ ಬರುವ ದಾರಿ, ಅಂದರೆ ವಿ4, ಸರಿಯಾಗಿದೆ. ತೊಂದರೆ ಸ್ಪ್ರಿಂಗಿಗೆ ಹೋಗುವ ದಾರಿಯಲ್ಲಿ: ವಿ3, ಅದರ ಪುಟ್ಟ ಟ್ರಾನ್ಸ್‌ಫಾರ್ಮರ್, ಅಥವಾ ಸ್ಪ್ರಿಂಗ್ ಇರುವ ಟ್ಯಾಂಕಿಗೆ ಹೋಗುವ ಕೇಬಲ್. ಗುಡುಗದಿದ್ದರೆ ವಾಪಸ್ ದಾರಿ ಕಟ್ ಆಗಿದೆ. ಎರಡೂ ಸಲ ಮೊದಲು ನೋಡಬೇಕಾದ್ದು ಆ ಕೇಬಲ್‌ಗಳನ್ನೇ. ಇನ್ನು ಟ್ರೆಮೊಲೊ. ಈ ಆಂಪ್‌ನಲ್ಲಿ ಫುಟ್‌ಸ್ವಿಚ್ ಹಾಕದೆ ಟ್ರೆಮೊಲೊ ಕೆಲಸವೇ ಮಾಡುವುದಿಲ್ಲ. ಸೆಕೆಂಡ್‌ಹ್ಯಾಂಡ್ ಕೊಂಡವರು ಫುಟ್‌ಸ್ವಿಚ್ ಸಿಗದೆ ಆಂಪ್ ಕೆಟ್ಟಿದೆ ಅಂದುಕೊಳ್ಳುವುದುಂಟು.

ಫ್ಯೂಸ್ ಹಾರುವ ಆಂಪ್‌ಗೆ ಬೇರೆಯೇ ವಿಧಾನ ಬೇಕು. ಮತ್ತೆ ಮತ್ತೆ ಫ್ಯೂಸ್ ಹಾಕಿ ನೋಡುವುದು ವಿಧಾನ ಅಲ್ಲ. ದೊಡ್ಡ ಫ್ಯೂಸ್ ಹಾಕುವುದು, ಬೆಳ್ಳಿ ಹಾಳೆ ಸುತ್ತುವುದು, ಇವು ಟ್ರಾನ್ಸ್‌ಫಾರ್ಮರ್ ಸುಡುವ ವಿಧಾನ. ನಮ್ಮ ಹಳೇ ರೇಡಿಯೊ, ಟಿವಿ ಮೆಕ್ಯಾನಿಕ್‌ಗಳ ಬೆಂಚಿನ ಮೇಲೆ ಒಂದು ಸೀರೀಸ್ ಬೋರ್ಡ್ ಇರುತ್ತದೆ. ಹೋಲ್ಡರ್‌ನಲ್ಲಿ ಒಂದು 100 ವ್ಯಾಟ್ ಬಲ್ಬು, ಅದರ ಸಾಲಿನಲ್ಲಿ ಒಂದು ಸಾಕೆಟ್. ಆಂಪನ್ನು ಅದಕ್ಕೆ ಚುಚ್ಚಿದರೆ, ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಗುತ್ತದೆ, ಫ್ಯೂಸ್ ಉಳಿಯುತ್ತದೆ. ಶಾರ್ಟ್ ಇಲ್ಲದಿದ್ದರೆ ಬಲ್ಬು ಒಮ್ಮೆ ಮಿನುಗಿ ಮಂಕಾಗುತ್ತದೆ. ಹಳೇ ಕಾಲದ ತಂತಿ ಬಲ್ಬೇ ಬೇಕು, ಎಲ್‌ಇಡಿ ನಡೆಯುವುದಿಲ್ಲ. ಈಗ ಅಂಥ ಬಲ್ಬು ಹುಡುಕುವುದೇ ಒಂದು ಕೆಲಸ.

ಬೋರ್ಡಿಗೆ ಹಾಕಿ, ಮೊದಲು ರೆಕ್ಟಿಫೈಯರ್ ಮತ್ತು ಎರಡೂ 6ವಿ6 ತೆಗೆದು ಆನ್ ಮಾಡಿ. ಬಲ್ಬು ಉರಿದರೆ ಪವರ್ ಟ್ರಾನ್ಸ್‌ಫಾರ್ಮರ್ ಅಥವಾ ಹೀಟರ್ ವೈರಿಂಗ್. ಮಂಕಾದರೆ ಆಫ್ ಮಾಡಿ, ರೆಕ್ಟಿಫೈಯರ್ ಹಾಕಿ. ಈಗ ಉರಿದರೆ ಆ ಟ್ಯೂಬ್ ಅಥವಾ ಫಿಲ್ಟರ್ ಕೆಪಾಸಿಟರ್. ಆಮೇಲೆ ಒಂದೊಂದೇ 6ವಿ6. ನನ್ನ ಮಟ್ಟಿಗೆ ಹೆಚ್ಚು ಸಲ ಸಿಕ್ಕಿಬೀಳುವುದು ರೆಕ್ಟಿಫೈಯರ್ ಅಥವಾ ಒಂದು ಪವರ್ ಟ್ಯೂಬ್. ಎರಡನ್ನೂ ಕೈಯಿಂದಲೇ ಬದಲಿಸಬಹುದು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಟ್ಯೂಬ್ ಅಂದರೆ ಏನೋ ವಿದೇಶದ ಮಾಯೆ ಅಂತ ಹುಡುಗರು ಅಂದುಕೊಳ್ಳುತ್ತಾರೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬಿಇಎಲ್‌ನವರು 1961ರಿಂದಲೇ ರೇಡಿಯೊಗೆ ಬೇಕಾದ ವಾಲ್ವ್‌ಗಳನ್ನು ಮಾಡುತ್ತಿದ್ದರು. ನಿಮ್ಮ ತಾತನ ಮನೆಯ ವಾಲ್ವ್ ರೇಡಿಯೊದಲ್ಲಿ ಜಾಲಹಳ್ಳಿಯ ಟ್ಯೂಬ್ ಇದ್ದಿರಬಹುದು. ಎಸ್.ಪಿ. ರೋಡ್ ಕಡೆ, ಹಳೇ ಪೇಟೆಗಳ ಕಡೆ ಆ ಕಾಲದ ಮೆಕ್ಯಾನಿಕ್‌ಗಳು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅವರಿಗೆ ಗಿಟಾರ್ ಆಂಪ್ ಹೊಸದು, ಸರ್ಕ್ಯೂಟ್ ಹೊಸದಲ್ಲ. ನಕ್ಷೆ ಒಂದು ಪ್ರಿಂಟ್ ತೆಗೆದು ಕೊಟ್ಟರೆ ದೊಡ್ಡ ಅಂಗಡಿಗಳಿಗಿಂತ ಚೆನ್ನಾಗಿ ಹುಡುಕಿ ಕೊಡುತ್ತಾರೆ. ಒಂದೇ ಒಂದು ಹೇಳಿಬಿಡಿ: ಸದ್ದು ಒಡೆಯುವುದನ್ನು ಸರಿ ಮಾಡಬೇಡಿ, ಅದು ನಮಗೆ ಬೇಕು ಅಂತ.

ಪವರ್ ಟ್ಯೂಬಿನೊಳಗಿನ ಬೂದು ತಗಡು ಕೆಂಪಗೆ ಕಾಯುತ್ತಿರುವುದು ಕಂಡರೆ ಯೋಚನೆ ಮಾಡುತ್ತಾ ನಿಲ್ಲಬೇಡಿ, ಆ ಕ್ಷಣ ಆಫ್ ಮಾಡಿ. ನಡುವಿನ ಹೀಟರ್ ಕಿತ್ತಳೆ ಬಣ್ಣಕ್ಕೆ ಹೊಳೆಯುವುದು ಸಹಜ, ಹೊರಗಿನ ತಗಡು ಕೆಂಪಾಗಬಾರದು. 6ವಿ6ನ ಐದನೇ ಪಿನ್ನಿನಲ್ಲಿ ಸುಮಾರು ಮೈನಸ್ 35 ವೋಲ್ಟ್ ಇರಬೇಕು. ಆ ಮೈನಸ್ ವೋಲ್ಟೇಜೇ ಟ್ಯೂಬಿಗೆ ಕಡಿವಾಣ. ಎರಡೂ ಟ್ಯೂಬ್ ಕೆಂಪಾದರೆ ಬಯಾಸ್ ಸಪ್ಲೈ ಹೋಗಿದೆ. ಒಂದೇ ಕೆಂಪಾದರೆ ಎರಡನ್ನೂ ಅದಲುಬದಲು ಮಾಡಿ ಕೆಲವೇ ಸೆಕೆಂಡು ನೋಡಿ. ಕೆಂಪು ಟ್ಯೂಬಿನ ಜೊತೆ ಹೋದರೆ ಟ್ಯೂಬ್ ಕೆಟ್ಟಿದೆ. ಸಾಕೆಟ್ಟಿನಲ್ಲೇ ಉಳಿದರೆ ಆ ಸಾಕೆಟ್ಟಿಗೆ ಬಯಾಸ್ ತಲುಪುತ್ತಿಲ್ಲ, ಅಥವಾ ಫೇಸ್ ಇನ್ವರ್ಟರ್‌ನಿಂದ ಬರುವ ಕೆಪಾಸಿಟರ್ ಸೋರುತ್ತಾ ಪ್ಲಸ್ ವೋಲ್ಟೇಜ್ ಬಿಡುತ್ತಿದೆ. ಇದು ಮೆಕ್ಯಾನಿಕ್ ಕೆಲಸ. ಬಯಾಸ್ ಎಷ್ಟಿರಬೇಕು ಅನ್ನುವ ಲೆಕ್ಕ ಮಾತ್ರ ನಿಮಗೂ ಗೊತ್ತಿರಲಿ. 6ವಿ6 ಹೊರುವ ಶಾಖ 14 ವ್ಯಾಟ್, ಪ್ಲೇಟ್‌ನಲ್ಲಿ 415 ವೋಲ್ಟ್ ಅಂದರೆ ಸುಮಾರು 34 ಮಿಲಿಆಂಪಿಯರ್. ನುಡಿಸದೆ ಸುಮ್ನೆ ಇದ್ದಾಗ ಅದರ ನೂರಕ್ಕೆ ಎಪ್ಪತ್ತು, ಅಂದರೆ 24 ಮೀರಬಾರದು.

ಬಿಚ್ಚಲೇಬೇಕು ಅನ್ನುವವರಿಗೆ. ಈ ಡಬ್ಬಿಯೊಳಗೆ 400 ವೋಲ್ಟ್‌ಗೂ ಜಾಸ್ತಿ ಡಿಸಿ ಇದೆ. ಪ್ಲಗ್ ಕಿತ್ತ ಮೇಲೂ ಅದು ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಕೂತಿರಬಹುದು. ಫ್ಯಾನಿಗೆ ಹಾಕುವ ಕಂಡೆನ್ಸರ್ ನೋಡಿ ಇದೂ ಅಷ್ಟೇ ಅಂದುಕೊಳ್ಳಬೇಡಿ, ಜಾತಿ ಬೇರೆ. 10 ಕಿಲೋ ಓಮ್, 5 ವ್ಯಾಟ್‌ನ ಒಂದು ರೆಸಿಸ್ಟರ್‌ಗೆ ಎರಡೂ ಕಡೆ ಇನ್ಸುಲೇಷನ್ ಇರುವ ಕ್ಲಿಪ್ ವೈರ್ ಬೆಸೆಯಿರಿ. ಪ್ಲಗ್ ಕಿತ್ತು, ಒಂದು ಕ್ಲಿಪ್ ಡಬ್ಬಿಗೆ, ಇನ್ನೊಂದು ಕೆಪಾಸಿಟರ್‌ನ ಪ್ಲಸ್‌ಗೆ. ಹತ್ತು ಸೆಕೆಂಡು ಹಿಡಿದು, ಮೀಟರ್‌ನಲ್ಲಿ ಅಳೆಯಿರಿ. ಎಲ್ಲ ಕೆಪಾಸಿಟರ್‌ಗಳಿಗೂ ಹೀಗೆ. ಐದು ವೋಲ್ಟ್‌ಗಿಂತ ಕೆಳಗೆ ಬರುವವರೆಗೆ ಕೈ ಹಾಕಬೇಡಿ. ಸ್ಕ್ರೂಡ್ರೈವರ್ ತುದಿಯಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವ ಗತ್ತು ಬೇಡ. ಟ್ಯೂಬ್ ಪಿನ್ನಿನ ವೋಲ್ಟೇಜ್ ಅಳೆಯುವಾಗ ಮಾತ್ರ ಆಂಪ್ ಆನ್ ಆಗಿರಲೇಬೇಕು, ಆಗ ಮೀಟರ್‌ನ ಮೈನಸ್ ಕ್ಲಿಪ್ ಡಬ್ಬಿಗೆ ಕಚ್ಚಿಸಿ, ಒಂದೇ ಕೈಯಲ್ಲಿ ಕೆಲಸ ಮಾಡಿ. ಮನೆಯಲ್ಲಿ ಇನ್ನೊಬ್ಬರು ಇರುವಾಗಲೇ ಮಾಡಿ.

ಅಳೆಯುವುದು ಹೇಗೆ ಉಪಯೋಗಕ್ಕೆ ಬರುತ್ತದೆ ಅಂತ ವಿ1ರಲ್ಲಿ ತೋರಿಸುತ್ತೇನೆ. ಪಿನ್ 1 ಪ್ಲೇಟ್, ಪಿನ್ 2 ಸಿಗ್ನಲ್ ಒಳಗೆ ಬರುವ ಗ್ರಿಡ್, ಪಿನ್ 3 ಹೀಟರ್ ಕಾಯಿಸುವ ಕ್ಯಾಥೋಡ್. ಪ್ಲೇಟ್‌ಗೆ 100 ಕಿಲೋ ಓಮ್ ರೆಸಿಸ್ಟರ್, ಕ್ಯಾಥೋಡ್‌ಗೆ 1.5 ಕಿಲೋ ಓಮ್. ರೆಸಿಸ್ಟರ್‌ನ ಸಪ್ಲೈ ಕಡೆ 280 ವೋಲ್ಟ್, ಪ್ಲೇಟ್ ಕಡೆ 180 ಇದೆ ಅನ್ನಿ. ನಡುವೆ ಬಿದ್ದದ್ದು 100 ವೋಲ್ಟ್. 100 ಕಿಲೋ ಓಮ್‌ನಲ್ಲಿ 100 ವೋಲ್ಟ್ ಅಂದರೆ ಒಂದು ಮಿಲಿಆಂಪಿಯರ್. ಅದೇ ಕರೆಂಟ್ ಕ್ಯಾಥೋಡ್ ಮೂಲಕವೂ ಹೋಗಬೇಕು, ಹಾಗಾಗಿ ಪಿನ್ 3ರಲ್ಲಿ 1.5 ವೋಲ್ಟ್ ಸಿಗಬೇಕು. ಸಿಕ್ಕಿತೇ? ಆ ಹಂತ ಆರೋಗ್ಯವಾಗಿದೆ. ಪ್ಲೇಟ್‌ನಲ್ಲೂ 280 ಇದ್ದು ಕ್ಯಾಥೋಡ್‌ನಲ್ಲಿ ಸೊನ್ನೆ ಇದ್ದರೆ ಟ್ಯೂಬಿನಲ್ಲಿ ಕರೆಂಟೇ ಹರಿಯುತ್ತಿಲ್ಲ: ಹೀಟರ್ ಸತ್ತಿದೆ, ಅಥವಾ ಪಿನ್ ಸಾಕೆಟ್ಟಿಗೆ ತಾಗುತ್ತಿಲ್ಲ. ಪ್ಲೇಟ್‌ನಲ್ಲಿ 280, ಕ್ಯಾಥೋಡ್‌ನಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ವೋಲ್ಟ್ ಇದ್ದರೆ ಕ್ಯಾಥೋಡ್ ರೆಸಿಸ್ಟರ್ ತುಂಡಾಗಿದೆ. ಪ್ಲೇಟ್‌ನಲ್ಲಿ ಸೊನ್ನೆ ಇದ್ದರೆ 100 ಕಿಲೋ ಓಮ್ ತುಂಡಾಗಿದೆ. ಎರಡು ಅಳತೆ, ಒಂದು ಭಾಗಾಕಾರ. ಓಮ್‌ನ ನಿಯಮ ಹೈಸ್ಕೂಲಿನಲ್ಲಿ ಓದಿದ್ದು ಇಲ್ಲಿಗೆ ಸಾಕಾಗುತ್ತದೆ.

ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಇಲ್ಲಿ ಕೊಡುತ್ತಿದ್ದೇನೆ.

"ಸಾರ್, ನನ್ನ ಪವರ್ ಟ್ಯೂಬ್‌ನಲ್ಲಿ ನೀಲಿ ಬೆಳಕು ಬರುತ್ತೆ. ಬದಲಿಸಬೇಕಾ?"

ಗಾಜಿನ ಒಳಮೈಗೆ ಅಂಟಿದ ಹಾಗೆ, ನುಡಿಸಿದಾಗ ಅಲುಗಾಡುವ ನೀಲಿ ಆದರೆ ಚಿಂತೆ ಬೇಡ, ಸುಮ್ನೆ ನೋಡಿ ಖುಷಿಪಡಿ. ತಗಡುಗಳ ನಡುವೆ ಮಂಜಿನ ಹಾಗೆ ನೇರಳೆ ಬೆಳಕು ತುಂಬಿದ್ದರೆ ಒಳಗೆ ಗಾಳಿ ಸೇರಿದೆ, ಬದಲಿಸಿ. ಟ್ಯೂಬಿನ ತುದಿಯಲ್ಲಿ ಬೆಳ್ಳಿ ಬಣ್ಣದ ಲೇಪ ಇರುತ್ತದಲ್ಲ, ಅದು ಹಾಲಿನ ಹಾಗೆ ಬಿಳಿಯಾದರೆ ಟ್ಯೂಬ್ ಕಥೆ ಮುಗಿದಿದೆ.

"ವರ್ಷಕ್ಕೊಂದು ಸಲ ಎಲ್ಲ ಟ್ಯೂಬ್ ಬದಲಿಸಿ ಅಂತಾರಲ್ಲ?"

ಮಾರುವವರು ಅಂತಾರೆ. ಪ್ರೀಆಂಪ್ ಟ್ಯೂಬ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಮುಟ್ಟುವ ಅಗತ್ಯ ಇಲ್ಲ, ಎಷ್ಟೋ ವರ್ಷ ಬಾಳುತ್ತದೆ. ಪವರ್ ಟ್ಯೂಬ್ ನೀವು ಎಷ್ಟು ಜೋರಾಗಿ, ಎಷ್ಟು ಹೊತ್ತು ನುಡಿಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಈಗಿನ ಹೊಸ ಟ್ಯೂಬ್‌ಗಳು ಹೆಚ್ಚಾಗಿ ಸ್ಲೊವಾಕಿಯಾ, ರಷ್ಯಾ, ಚೀನಾದಿಂದ ಬರುತ್ತವೆ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಬೆಲೆ ಏರಿರುತ್ತದೆ. ಬೇಕಾದ ಒಂದನ್ನೇ ಕೊಳ್ಳಿ. ಪವರ್ ಟ್ಯೂಬ್ ಮಾತ್ರ ಜೋಡಿಯಾಗಿ ಕೊಂಡು, ಬಯಾಸ್ ನೋಡಿಸಿ.

"ಅಪಾರ್ಟ್‌ಮೆಂಟ್‌ನಲ್ಲಿ ಇರೋದು. ರಾತ್ರಿ ಸ್ಪೀಕರ್ ಕಿತ್ತು, ಪೆಡಲ್‌ನಿಂದ ಹೆಡ್‌ಫೋನ್‌ಗೆ ತಗೊಂಡು, ಟ್ಯೂಬ್ ಬೆಚ್ಚಗಿರಲಿ ಅಂತ ಆಂಪ್ ಆನ್ ಇಟ್ಟರೆ ಆಗುತ್ತಾ?"

ಬೇಡ. ಸ್ಪೀಕರ್ ಇಲ್ಲದೆ ಟ್ಯೂಬ್ ಆಂಪ್‌ಗೆ ಸಿಗ್ನಲ್ ಹೋದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಸಾವಿರಾರು ವೋಲ್ಟ್ ಏರಿ ಒಳಗೇ ಕಿಡಿ ಹಾರಬಹುದು. ಟ್ಯೂಬ್ ಬದಲಿಸಿದಷ್ಟು ಸುಲಭಕ್ಕೆ ಆ ಟ್ರಾನ್ಸ್‌ಫಾರ್ಮರ್ ಬದಲಿಸಲು ಆಗುವುದಿಲ್ಲ. ಫೆಂಡರ್‌ನವರು ಇದಕ್ಕೊಂದು ಉಪಾಯ ಮಾಡಿದ್ದಾರೆ. ಮುಖ್ಯ ಸ್ಪೀಕರ್ ಜ್ಯಾಕಿನಿಂದ ಪ್ಲಗ್ ಕಿತ್ತರೆ ಔಟ್‌ಪುಟ್ ತಾನಾಗಿ ಶಾರ್ಟ್ ಆಗುತ್ತದೆ. ಟ್ಯೂಬ್ ಆಂಪ್‌ಗೆ ಶಾರ್ಟ್‌ಗಿಂತ ಖಾಲಿ ಬಿಡುವುದೇ ಹೆಚ್ಚು ಅಪಾಯ. ಆದರೆ ಎಲ್ಲ ಕಂಪನಿಗಳೂ ಹೀಗೆ ಮಾಡಿಲ್ಲ, ಮಾಡಿದ್ದರೂ ಅದನ್ನೇ ನಂಬಿ ನುಡಿಸುವುದಲ್ಲ. ಇದರಿಂದಲೇ ಇನ್ನೊಂದು ಗೊಂದಲವೂ ಹುಟ್ಟುತ್ತದೆ. ಬೇರೆ ಕ್ಯಾಬಿನೆಟ್ ತಂದು ಪಕ್ಕದ ಎಕ್ಸ್‌ಟರ್ನಲ್ ಜ್ಯಾಕಿಗೆ ಮಾತ್ರ ಹಾಕಿದರೆ ಸದ್ದೇ ಬರುವುದಿಲ್ಲ. ಮುಖ್ಯ ಜ್ಯಾಕ್ ಖಾಲಿಯಿದ್ದು ಶಾರ್ಟ್ ಆಗಿರುತ್ತದೆ. ಒಂದೇ ಸ್ಪೀಕರ್ ಹಾಕುವುದಾದರೆ ಮುಖ್ಯ ಜ್ಯಾಕಿಗೇ ಹಾಕಿ, ಗಿಟಾರ್ ಕೇಬಲ್ ಅಲ್ಲ, ಸ್ಪೀಕರ್ ಕೇಬಲ್ ಬಳಸಿ. ಸ್ಪೀಕರ್ ಮೇಲೆ ಅನುಮಾನ ಬಂದರೆ ಅದನ್ನು ಆಂಪ್‌ನಿಂದ ಬಿಡಿಸಿ ಮೀಟರ್‌ನಲ್ಲಿ ಅಳೆಯಿರಿ. 8 ಓಮ್ ಅಂತ ಬರೆದಿರುವ ಸ್ಪೀಕರ್ ಆರರಿಂದ ಏಳು ಓಮ್ ತೋರಿಸುತ್ತದೆ, ಅದು ಸರಿಯಾಗಿಯೇ ಇದೆ.